ಅಕ್ಕನಿಗೆ ಕೊಟ್ಟ ಕೈ

ನಮ್ಮಕ್ಕನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಉರಿದುಕೊಳ್ಳುವ ಹಕ್ಕು ನನಗೆ ಈಗ ಉಳಿದಿಲ್ಲ, ಅದು ಬೇರೆ ಮಾತು. ಆದರೂ ಹೇಳುತ್ತೇನೆ. ಅಕ್ಕ ಕೆಲಸಗಳ್ಳಿ ಎಂದು ಆಸ್ಪತ್ರೆಯಲ್ಲಿ ಹಬ್ಬಿರುವ ಕತೆ ಇದೆಯಲ್ಲ, ಅದು ಶುದ್ಧ ಸುಳ್ಳು. ನನಗೆ ಹೇಗೆ ಗೊತ್ತು ಎಂದರೆ, ಅದನ್ನು ಬರೆದವಳು ನಾನೇ.

ಅಕ್ಕ ಇಪ್ಪತ್ತಾರು ವರ್ಷ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ದುಡಿದವಳು. ಆಪರೇಷನ್ ಥಿಯೇಟರಿನಲ್ಲಿ ಬಳಸಿದ ಕತ್ತರಿ, ಚಿಮಟ, ಇಕ್ಕಳಗಳೆಲ್ಲ ಒಂದು ಪುಟ್ಟ ಲಿಫ್ಟಿನಲ್ಲಿ ಇಳಿದು ಅವಳ ಕೋಣೆಗೆ ಬರುತ್ತವೆ. ಅವನ್ನು ತೊಳೆದು, ಒರೆಸಿ, ಎಣಿಸಿ, ತಟ್ಟೆಯಲ್ಲಿ ಜೋಡಿಸಿ, ಎರಡು ಪದರ ಬಟ್ಟೆಯಲ್ಲಿ ಗಂಟು ಕಟ್ಟಿ, ಆಳೆತ್ತರದ ಹಬೆಯಂತ್ರದೊಳಗೆ ತಳ್ಳಬೇಕು. ಯಂತ್ರ ನಿಂತ ಕೂಡಲೇ ಕೆಲಸ ಮುಗಿಯಿತು ಅಂದುಕೊಂಡೀರಿ! ಬಾಗಿಲನ್ನು ಬೆರಳಿನಷ್ಟು ತೆರೆದು, ಒಳಗಿನ ಗಂಟು ಒಣಗುವ ತನಕ ಕಾಯಬೇಕು. ಅವಸರಪಟ್ಟು ಪೂರ್ತಿ ತೆರೆದರೆ ಬಟ್ಟೆಯ ಮೇಲೆ ಹನಿ ಕೂರುತ್ತದೆ. ಒದ್ದೆ ಬಟ್ಟೆಯೊಳಗೆ ಕ್ರಿಮಿ ಆರಾಮಾಗಿ ನುಗ್ಗುತ್ತದೆ, ಅಷ್ಟು ಹೊತ್ತಿನ ಹಬೆಯೆಲ್ಲ ದಂಡ. ಆ ಬಾಗಿಲ ಹತ್ತಿರ ನಿಂತು ಯಾವ ಗಂಟನ್ನು ಯಾವಾಗ ತೆಗೆಯಬೇಕು ಎಂದು ನೋಡುವವಳು ಅಕ್ಕ. ಹಿರಿಯ ಸರ್ಜನ್ ಗಂಟು ಬಿಚ್ಚುವ ಮುಂಚೆ "ಹಬೆಯಕ್ಕ ತೆಗೆದಿದ್ದು ತಾನೇ?" ಎಂದು ಕೇಳುತ್ತಿದ್ದರಂತೆ. ಹಾಗೆ ಅವಳು ಇಡೀ ಆಸ್ಪತ್ರೆಗೆ ಹಬೆಯಕ್ಕ ಆದಳು.

ಎಣಿಸುವ ಚಟ ಮನೆಗೂ ಬಂದಿತ್ತು. ಊಟ ಮುಗಿದ ಮೇಲೆ ಚಮಚ ಎಣಿಸದೆ ಯಾರನ್ನೂ ಏಳಲು ಬಿಡುತ್ತಿರಲಿಲ್ಲ. "ನಿಮ್ಮಕ್ಕನ ಕೈಲಿ ಊಟ ಮಾಡ್ಬೇಕು ಅಂದ್ರೆ ಹೊಟ್ಟೆ ಎಕ್ಸ್‌ರೇ ತೆಗೆಸ್ಕೊಂಡು ಬರ್ಬೇಕು, ಚಮಚ ಒಳಗಿಲ್ಲ ಅಂತ" ಎಂದು ಭಾವ ಗೋಳಾಡುತ್ತಿದ್ದರು. ಅಕ್ಕ ನಗುತ್ತಲೇ ಇನ್ನೊಮ್ಮೆ ಎಣಿಸುತ್ತಿದ್ದಳು.

ಕೋಣೆಯಲ್ಲಿ ಅವಳ ಜೊತೆ ಇನ್ನಿಬ್ಬರು ಹೆಂಗಸರಿದ್ದರು. ಒಬ್ಬಳು ಉದ್ದಕ್ಕ. ಇನ್ನೊಬ್ಬಳು ಹೊಸಬಳು, ಬಂದು ಆರು ವರ್ಷವಾದರೂ ಅವಳು ಹೊಸಬಳೇ. ಈಚೆಗೆ ಮೇಲೆ ಎರಡು ಥಿಯೇಟರು ಹೆಚ್ಚಾಗಿ, ದಿನಕ್ಕೆ ಹದಿನೆಂಟು ತಟ್ಟೆ ಬರುತ್ತಿದ್ದ ಕಡೆ ಮೂವತ್ತು ಬರತೊಡಗಿದವು. ತಟ್ಟೆ ತಡವಾಯಿತು ಎಂದು ಮೇಲಿನವರು ಬೈದರು. "ಇನ್ನೊಂದು ಕೈ ಕೊಡಿ ಸಾರ್" ಎಂದು ಅಕ್ಕ ಮೂರು ಸಲ ಅರ್ಜಿ ಹಾಕಿದಳು. ಮೂರೂ ಸಲ ಉತ್ತರವೇ ಬರಲಿಲ್ಲ.

ಆಗ ನಾನು ತಲೆ ತೂರಿಸಿದೆ. ಅದೇ ಆಸ್ಪತ್ರೆಯ ಮೂರನೇ ಮಹಡಿಯ ಕಚೇರಿಯಲ್ಲಿ ನನಗೆ ಗುಮಾಸ್ತೆ ಕೆಲಸ. ನಲವತ್ತರ ಹತ್ತಿರ ಬಂದ ಮೇಲೆ ಬುದ್ಧಿ ಬಂದವಳಂತೆ ಭಾನುವಾರದ ಮ್ಯಾನೇಜ್‌ಮೆಂಟ್ ತರಗತಿಗೆ ಸೇರಿದ್ದೆ. ಅಲ್ಲಿ ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಎಂಬ ವಿಷಯ ಶುರುವಾಗಿತ್ತು. ಹೆಸರು ಕೇಳಿ ಭಾವ "ಚಾಕು ಕತ್ತರಿ ಹಿಡಿಯೋದಾ?" ಎಂದಿದ್ದರು. ಅಲ್ಲ. ಕೆಲಸ ಎಲ್ಲಿಂದ ಬಂತು, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಎಲ್ಲಿ ಸಿಕ್ಕಿಕೊಂಡು ಕಾಯಿತು, ಆ ಕಾಯುವುದನ್ನು ಹೇಗೆ ತಪ್ಪಿಸಬೇಕು, ಇಷ್ಟೇ ಅದರ ಜೀವಾಳ. ಅದರಲ್ಲಿ ನನಗೆ ಹುಚ್ಚು ಹಿಡಿಸಿದ್ದು ಸಿಮ್ಯುಲೇಷನ್. ನಿಜವಾದ ಕೋಣೆಗೆ ಕೈ ಹಾಕುವ ಮುಂಚೆ ಅಂಥದೇ ಕೋಣೆಯೊಂದನ್ನು ಕಂಪ್ಯೂಟರಿನೊಳಗೆ ಕಟ್ಟಿ ಆಡಿಸಿ ನೋಡುವುದು. ತಟ್ಟೆ ಯಾವಾಗ ಬರುತ್ತದೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಯಂತ್ರವೇ ಆರಿಸುತ್ತದೆ. ಒಬ್ಬರನ್ನು ಸೇರಿಸಿ ನೋಡಬಹುದು, ಒಬ್ಬರನ್ನು ತೆಗೆದು ನೋಡಬಹುದು. "ಇದರಲ್ಲಿ ಯಾರಿಗೂ ಪೆಟ್ಟಾಗುವುದಿಲ್ಲ" ಎಂದಿದ್ದರು ಮೇಷ್ಟ್ರು.

"ಅಕ್ಕ, ನಿನ್ನ ಅರ್ಜಿನ ಅವರು ಓದಲ್ಲ. ಅಂಕಿ ತೋರಿಸಿದ್ರೆ ಬಾಯಿ ಮುಚ್ಕೊಂಡು ಕೊಡ್ತಾರೆ. ನಾನು ಮಾಡ್ಕೊಡ್ತೀನಿ ಬಿಡು" ಎಂದೆ.

"ನೀನು ಓದಿದ್ದು ನಂಗೇ ಮೊದಲು ಉಪಯೋಗಕ್ಕೆ ಬಂತು ನೋಡು" ಎಂದು ಅವಳು ಅವತ್ತು ಎಷ್ಟು ಹಿಗ್ಗಿದಳು! ಕೆಳಗೆ ಹೋಗಿ ಉದ್ದಕ್ಕನಿಗೂ ಹೊಸಬಳಿಗೂ "ನನ್ನ ತಂಗಿ ಮಾಡ್ತಾಳೆ" ಎಂದು ಡಂಗುರ ಹೊಡೆದಳು.

ಕೋಣೆ ಕಟ್ಟಲು ಮೊದಲು ಯಾರು ಎಷ್ಟು ಹೊತ್ತು ಯಾವ ಕೆಲಸ ಮಾಡುತ್ತಾರೆ ಎಂಬ ಲೆಕ್ಕ ಬೇಕು. ಅದಕ್ಕೊಂದು ವಿಧಾನವಿದೆ. ದಿನದಲ್ಲಿ ಆರು ಗಳಿಗೆಗಳನ್ನು ಚೀಟಿ ಎತ್ತಿ ಆರಿಸುವುದು. ಆ ಗಳಿಗೆಗೆ ಸರಿಯಾಗಿ ಹೋಗಿ, ಆ ಮನುಷ್ಯ ಏನು ಮಾಡುತ್ತಿದ್ದಾನೆ ಎಂದು ಕಣ್ಣಾರೆ ನೋಡಿ ಗುರುತು ಹಾಕುವುದು. ಕಣ್ಣಾರೆ ಎಂದು ಮೇಷ್ಟ್ರು ಒತ್ತಿ ಹೇಳಿದ್ದರು. ಆದರೆ ಅಕ್ಕನ ಕೋಣೆಯೊಳಗೆ ಹೋಗಬೇಕಾದರೆ ಚಪ್ಪಲಿ ಬದಲಿಸಿ, ಟೋಪಿ ಹಾಕಿ, ಮೇಲಂಗಿ ತೊಡಬೇಕು. ದಿನಕ್ಕೆ ಆರು ಸಲ ಯಾರು ಈ ವೇಷ ಕಟ್ಟುತ್ತಾರೆ? ನಾನು ಸೋಮಾರಿ. ಮೂರನೇ ಮಹಡಿಯಿಂದಲೇ ಫೋನ್ ಮಾಡಿದೆ. ಕಾಗದದಲ್ಲಿ ನಾಲ್ಕು ಕಾಲಂ ಹಾಕಿಕೊಂಡಿದ್ದೆ: ತೊಳೆಯುವುದು, ಕಟ್ಟುವುದು, ಯಂತ್ರ, ಖಾಲಿ.

"ಅಕ್ಕ, ಈಗ ಏನ್ಮಾಡ್ತಿದೀಯಾ?"

"ಏನಿಲ್ಲ ಕಣೇ, ಸುಮ್ನೆ ಇದೀನಿ. ಹೇಳು."

ಈ ಮಾತು ನಿಮಗೂ ಗೊತ್ತು. ನಮ್ಮಲ್ಲಿ ಯಾರು ಕೂಗಿ ಕೇಳಿದರೂ ಇದೇ ಉತ್ತರ. ಒಲೆ ಮೇಲೆ ಹಾಲು ಉಕ್ಕುತ್ತಿರಲಿ, ಕೈ ತುಂಬ ಸೋಪಿನ ನೊರೆ ಇರಲಿ, "ಏನಿಲ್ಲ, ಸುಮ್ನೆ" ಎನ್ನುತ್ತೇವೆ. ನೀನು ಬಂದದ್ದರಿಂದ ನನಗೇನೂ ತೊಂದರೆಯಾಗಲಿಲ್ಲ, ಸಂಕೋಚಪಡದೆ ಮಾತಾಡು ಎಂದು ಅದರರ್ಥ. ಅದರಲ್ಲೂ ನಮ್ಮಕ್ಕ! ನನ್ನ ಹೆರಿಗೆಯ ಹೊತ್ತಿಗೆ ಅವಳು ಮೂರು ದಿನ ನಿದ್ದೆ ಬಿಟ್ಟು ಪಕ್ಕದಲ್ಲಿ ಕೂತಿದ್ದಳು, ಕೇಳಿದರೆ "ಸುಮ್ನೆ ಬಂದಿದ್ದೆ" ಅಂದಿದ್ದಳು.

ಮೊದಲ ಎರಡು ದಿನ ನಾನು ಬಿಡಲಿಲ್ಲ. "ಅಕ್ಕಾ, ಇದು ಲೆಕ್ಕಕ್ಕೆ ಕೇಳ್ತಿರೋದು, ಸರಿಯಾಗಿ ಹೇಳು" ಎಂದರೆ, "ಅಯ್ಯೋ, ನಿನ್ನ ದನಿ ಕೇಳಿದ ತಕ್ಷಣ ಮರೆತೇ ಹೋಗುತ್ತೆ ಕಣೇ. ಚಿಮಟ ಎಣಿಸ್ತಿದ್ದೆ, ಬರ್ಕೋ" ಎನ್ನುತ್ತಿದ್ದಳು. ಉದ್ದಕ್ಕ, ಹೊಸಬಳು ಇಬ್ಬರಿಗೂ ನಾನು ಕಚೇರಿಯವಳು. ಅವರು ಫೋನ್ ಎತ್ತಿದ ಕೂಡಲೇ ಪರೀಕ್ಷೆಯಲ್ಲಿ ಉತ್ತರ ಹೇಳುವವರ ಹಾಗೆ "ತೊಳೀತಿದೀನಿ ಮೇಡಂ", "ಕಟ್ತಿದೀನಿ ಮೇಡಂ" ಎನ್ನುತ್ತಿದ್ದರು.

ಮೂರನೇ ದಿನ ಆಡಳಿತಾಧಿಕಾರಿಗಳು ಮೆಟ್ಟಿಲ ಹತ್ತಿರ ಸಿಕ್ಕಿದರು. "ಸ್ಟಡಿ ನಡೀತಿದೆಯಂತೆ, ಒಳ್ಳೇದು. ಸ್ವಂತ ಅಕ್ಕನ ಕೋಣೆ ಅಂತ ಅಂಕಿ ಉಬ್ಬಿಸ್ಬೇಡಿ ಮತ್ತೆ" ಎಂದು ನಕ್ಕು ಹೋದರು. ಆ ನಗು ನನಗೆ ಮುಳ್ಳಿನ ಹಾಗೆ ಚುಚ್ಚಿತು. ನಾನು ಪಕ್ಷಪಾತಿಯೇ? ಅವತ್ತಿನಿಂದ ಮರುಪ್ರಶ್ನೆ ಕೇಳುವುದನ್ನು ನಿಲ್ಲಿಸಿದೆ. ಅಕ್ಕ ಸುಮ್ನೆ ಇದೀನಿ ಎಂದರೆ "ಖಾಲಿ" ಕಾಲಮಿನಲ್ಲಿ ಒಂದು ಗೀಟು. ಹಿಂದೆ ನಲ್ಲಿಯ ಸದ್ದು ಕೇಳುತ್ತಿತ್ತು. ತಟ್ಟೆಯ ಮೇಲೆ ಕತ್ತರಿ ಬೀಳುವ ಸದ್ದು ಕೇಳುತ್ತಿತ್ತು. ಕೇಳಿಯೂ ಗೀಟು ಎಳೆದೆ. ಥೂ, ನನ್ನ ಜನ್ಮಕ್ಕಿಷ್ಟು!

ಹನ್ನೆರಡು ದಿನ, ಅಕ್ಕನೊಬ್ಬಳಿಗೇ ಎಪ್ಪತ್ತೆರಡು ಫೋನು. ಅದರಲ್ಲಿ "ಖಾಲಿ"ಗೆ ಮೂವತ್ತೊಂದು ಗೀಟು.

ಕಂಪ್ಯೂಟರಿನಲ್ಲಿ ಕೋಣೆ ಕಟ್ಟಿ ಮುಗಿಸಿದ ದಿನ ಅಕ್ಕನನ್ನು ಮೇಲೆ ಕರೆದು ತೋರಿಸಿದೆ. ನೀಲಿ ಚುಕ್ಕೆಗಳು ತಟ್ಟೆಗಳು. ಮೂರು ಪುಟ್ಟ ಗೊಂಬೆಗಳು ಆ ಮೂವರು ಹೆಂಗಸರು. ಒಂದು ಗುಂಡಿ ಒತ್ತಿದರೆ ನೂರು ದಿನದ ಕೆಲಸ ಹದಿನೈದು ನಿಮಿಷದಲ್ಲಿ ಓಡುತ್ತಿತ್ತು. ಅಕ್ಕ ಕನ್ನಡಕ ಏರಿಸಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು.

"ಇವಳು ನಾನಾ? ಕೈಯೇ ಇಲ್ವಲ್ಲೇ ಇವಳಿಗೆ!"

"ಗೊಂಬೆ ಕಣಕ್ಕ, ಕೈ ಯಾಕೆ?"

"ಹಳದಿ ಯಾಕಾದ್ಲು ಈಗ?"

"ಖಾಲಿ ಇದ್ರೆ ಹಳದಿ ಆಗುತ್ತೆ."

ಅವಳ ಗೊಂಬೆ ಮತ್ತೆ ಮತ್ತೆ ಹಳದಿಯಾಗುತ್ತಿತ್ತು. ಅಕ್ಕ ಸ್ವಲ್ಪ ಹೊತ್ತು ನೋಡಿ, "ಯಂತ್ರದ ಬಾಗಿಲ ಹತ್ರ ಯಾರೂ ನಿಂತಿಲ್ವಲ್ಲ" ಎಂದಳು. ಒಣಗುವುದಕ್ಕೆ ಆಳು ಬೇಕಿಲ್ಲ, ಅದು ತಾನೇ ಒಣಗುತ್ತದೆ ಎಂದು ನಾನು ಬರೆದುಬಿಟ್ಟಿದ್ದೆ. ಹಾಗೆಂದು ಅವಳಿಗೆ ಹೇಳಿದೆ. "ಹೌದಾ? ನಿಂಗೆ ಗೊತ್ತಿರುತ್ತೆ ಬಿಡು" ಎಂದು ಕೆಳಗಿಳಿದು ಹೋದಳು. ನನ್ನ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಅವಳು ಹೋದ ಮೇಲೆ ನಾಲ್ಕು ಗೊಂಬೆ ಇಟ್ಟು ಓಡಿಸಿದೆ. ಹೆಚ್ಚು ಪ್ರಯೋಜನ ಕಾಣಲಿಲ್ಲ. ಕುತೂಹಲಕ್ಕೆ ಎರಡು ಗೊಂಬೆ ಇಟ್ಟು ಓಡಿಸಿದೆ. ತಟ್ಟೆಗಳ ಸಾಲು ಬೆಳೆಯಲೇ ಇಲ್ಲ. ಅದನ್ನು ಅಳಿಸಿಬಿಡಬೇಕಿತ್ತು. ಅಳಿಸದೆ ವರದಿಯಲ್ಲಿ ಸೇರಿಸಿದೆ, ಕೆಳಗೆ ಸಹಿಯನ್ನೂ ಹಾಕಿದೆ. ಎಷ್ಟು ಪ್ರಾಮಾಣಿಕಳು ನೋಡಿ ಎನ್ನಿಸಿಕೊಳ್ಳುವ ಚಪಲ.

ವರದಿ ಓದಲು ಕರೆದ ಸಭೆಗೆ ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದಳು, ಇನ್ನೊಂದು ಕೈ ಸಿಕ್ಕೇಬಿಟ್ಟಿತು ಎಂಬ ಸಂಭ್ರಮದಲ್ಲಿ. ಆಡಳಿತಾಧಿಕಾರಿಗಳು ವರದಿ ತೆರೆದು ಎಲ್ಲರ ಎದುರು ಓದಿದರು. "ಎಪ್ಪತ್ತೆರಡು ಸಲ ವಿಚಾರಿಸಿದಾಗ ಮೂವತ್ತೊಂದು ಸಲ ಇವರು ಸುಮ್ಮನೆ ಇದ್ದರು. ಅಂದರೆ ನೂರಕ್ಕೆ ನಲವತ್ತಮೂರು ಪಾಲು." ಯಾರೋ ಕಿಸಕ್ಕನೆ ನಕ್ಕರು. "ನೀವು ಇನ್ನೊಬ್ಬರನ್ನ ಕೇಳಿದ್ರಿ ಅಮ್ಮ. ಇಲ್ಲಿ ನೋಡಿದ್ರೆ ಇಬ್ಬರು ಸಾಕು."

ಅಕ್ಕ ಎದ್ದು ನಿಂತಳು. "ಸಾರ್, ಅದು ಮಾತಿಗೆ ಅಂದಿದ್ದು... ಇವಳು ಫೋನ್ ಮಾಡಿದಾಗ... ಇವಳಿಗೆ ಗೊತ್ತು ಸಾರ್, ಕೇಳಿ ಇವಳನ್ನ" ಎಂದು ನನ್ನ ಕಡೆ ತಿರುಗಿದಳು.

ಅವರೂ ನನ್ನ ಕಡೆ ನೋಡಿದರು. "ಏನ್ ಮೇಡಂ, ದಾಖಲೆ ಸರಿ ಇದೆಯಾ ಇಲ್ವಾ?"

ಒಂದೇ ಒಂದು ವಾಕ್ಯ ಸಾಕಿತ್ತು. ನಾಲಿಗೆ ತುದಿಯವರೆಗೂ ಬಂದಿತ್ತು. ತಪ್ಪೊಪ್ಪಿಕೊಂಡರೆ ನನ್ನ ಸಹಿ ಸುಳ್ಳಾಗುತ್ತದೆ, ನೆರೆದವರ ಎದುರು ಮಾನ ಹೋಗುತ್ತದೆ ಎಂದು ಹೆದರಿದೆ.

"ಅವರು ಹೇಳಿದ್ದನ್ನೇ ಬರೆದಿದೀನಿ ಸಾರ್" ಎಂದೆ.

ಅಕ್ಕ ಕೇಳಿದ್ದು ಇನ್ನೊಂದು ಕೈ. ನಾನು ಕೊಟ್ಟದ್ದೂ ಕೈಯೇ, ಎಲ್ಲರೂ ನೋಡುತ್ತಿರುವಾಗಲೇ ಕೊಟ್ಟೆ.

ಮುಂದಿನ ವಾರ ಅವಳನ್ನು ನೆಲಮಾಳಿಗೆಯಿಂದ ಎಬ್ಬಿಸಿ, ರೋಗಿಗಳನ್ನು ನೋಡಲು ಬರುವವರಿಗೆ ಪಾಸ್ ಕೊಡುವ ಕಿಟಕಿಯಲ್ಲಿ ಕೂರಿಸಿದರು. ನಾನು ಸಂಜೆ ಆರಕ್ಕೆ ಅವಳ ಮನೆಗೆ ಓಡಿದೆ. ಭಾವ ಬಾಗಿಲನ್ನು ಅರ್ಧ ತೆರೆದು, "ನಿಮ್ಮಕ್ಕ ಮಲಗಿದಾಳಮ್ಮ" ಎಂದರು. ಒಳಗೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ನನ್ನ ಮುಖ ನೋಡದೆ ಬಾಗಿಲು ಹಾಕಿಕೊಂಡರು. ಮರುದಿನ ಹೋದಾಗಲೂ ಮಲಗಿದ್ದಳು. ಫೋನ್ ಮಾಡಿದರೆ ಎತ್ತಲಿಲ್ಲ.

ಮೂರು ವಾರದಲ್ಲಿ ಹನ್ನೊಂದು ಗಂಟುಗಳು ಒದ್ದೆಯಾಗಿವೆ ಎಂದು ಥಿಯೇಟರಿನಿಂದ ವಾಪಸು ಬಂದವು. ಉದ್ದಕ್ಕನಿಗೂ ಹೊಸಬಳಿಗೂ ಉಸಿರಾಡಲು ಪುರುಸೊತ್ತಿಲ್ಲ. ಬಾಗಿಲ ಹತ್ತಿರ ನಿಲ್ಲುವವರು ಯಾರು? ಎರಡು ಆಪರೇಷನ್ ಮುಂದಕ್ಕೆ ಹೋದವು. ನಾನು ಆಡಳಿತಾಧಿಕಾರಿಗಳ ಬಳಿ ಹೋಗಿ, ಆ ಮೂವತ್ತೊಂದು ಗೀಟು ಸುಳ್ಳು, ಅಕ್ಕನನ್ನು ವಾಪಸು ಕಳಿಸಿ ಎಂದೆ. ಕೊನೆಗೂ ಬಾಯಿ ಬಿಟ್ಟೆ.

"ಸಹಿ ನಿಮ್ಮದೇ ಅಲ್ವಾ?" ಎಂದರು ಅವರು ತಣ್ಣಗೆ. "ಆದೇಶ ಹೋಗಿ ಆಯ್ತು. ಹಿಂದೆ ತಗೊಂಡ್ರೆ ನಾನು ನಗೆಪಾಟಲಾಗ್ತೀನಿ. ಒಂದು ಕೆಲಸ ಮಾಡಿ, ಅವರು ಬಾಗಿಲ ಹತ್ರ ನಿಂತು ಏನು ನೋಡ್ತಿದ್ರು ಅಂತ ಕೇಳಿ ಬರ್ಕೊಂಡು ಬನ್ನಿ. ಆ ಇಬ್ಬರಿಗೇ ಕಲಿಸೋಣ."

ಕೆಲಸ ಕಿತ್ತುಕೊಂಡಾಯಿತು, ಇನ್ನು ಅವಳ ವಿದ್ಯೆಯನ್ನೂ ನಾನೇ ಕೇಳಿ ತರಬೇಕು! ರೇಗಿ ಹೋಯಿತು. ಆದರೂ ಹೋದೆ. ಆ ನೆಪದಲ್ಲಾದರೂ ಅವಳು ನನ್ನ ಜೊತೆ ಮಾತಾಡಬಹುದು, ನನ್ನನ್ನು ಬಾಯಿ ತುಂಬ ಬೈಯಬಹುದು ಎಂಬ ಆಸೆಯಿಂದ ಹೋದೆ.

ಕಿಟಕಿಯ ಮುಂದೆ ಉದ್ದ ಸಾಲಿತ್ತು. ನಾನೂ ನಿಂತೆ. ಅಕ್ಕ ಬಗ್ಗಿ ಬರೆಯುತ್ತಿದ್ದಳು. ನನ್ನ ಸರದಿ ಬಂದಾಗ ತಲೆಯೆತ್ತಿ ನೋಡಿದಳು.

"ಯಾರನ್ನ ನೋಡ್ಬೇಕಿತ್ತು, ಹೇಳಿ."

ಹೇಳಿ! ಹುಟ್ಟಿದಾಗಿನಿಂದ ಅವಳ ಬಾಯಲ್ಲಿ "ಬಾರೇ ಹೋಗೇ" ಕೇಳಿಕೊಂಡು ಬೆಳೆದವಳು ನಾನು.

"ಅಕ್ಕಾ, ನಾನು ಕಣಕ್ಕ. ತಪ್ಪಾಯ್ತು. ಒಂದೈದು ನಿಮಿಷ ನಿನ್ನ ಹತ್ರ ಮಾತಾಡ್ಬೇಕು."

"ಇಲ್ಲಿ ಒಳಗೆ ಮಲಗಿರೋರನ್ನ ನೋಡೋಕೆ ಮಾತ್ರ ಪಾಸ್ ಕೊಡೋದು." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕಾಲು ಹಿಡಿದುಕೊಳ್ಳುತ್ತಿದ್ದೆ. "ಸ್ವಲ್ಪ ಪಕ್ಕಕ್ಕೆ ಬನ್ನಿ ಮೇಡಂ, ಹಿಂದೆ ಜನ ಕಾಯ್ತಿದಾರೆ."

ನಾನು ಪಕ್ಕಕ್ಕೆ ಸರಿದೆ. ನನ್ನ ಹಿಂದೆ ಯಾರೋ ಒಬ್ಬಳು, ನನ್ನದೇ ವಯಸ್ಸಿನವಳು, ಕೈಯಲ್ಲಿ ಫ್ಲಾಸ್ಕ್ ಹಿಡಿದು ಗಾಬರಿಯಾಗಿ ನಿಂತಿದ್ದಳು. ಅಕ್ಕ ಅವಳ ಕಡೆ ನೋಡಿ ಕಿಟಕಿಯಿಂದಾಚೆ ಕೈ ಚಾಚಿದಳು.

"ಬಾ ತಂಗಿ, ಹೆದರ್ಕೋಬೇಡ. ಯಾರನ್ನ ನೋಡ್ಬೇಕು ನಿಂಗೆ?"