ಕಡವಿನಲ್ಲಿ ಪ್ರಾಪರ್ ನೌನ್

ಹೆಸರಿಲ್ಲದೆ ಮನುಷ್ಯನ ಸಂಸಾರ ಒಂದು ಗಳಿಗೆಯೂ ನಡೆಯದು. ಈ ಮಹಾಸತ್ಯವನ್ನು ನಾನು ಕುಂದಾಪುರದ ಶಾಲೆಯೊಂದರಲ್ಲಿ ವಾರವಿಡೀ ಬೋಧಿಸಿದ್ದೆ. ಶನಿವಾರ ಮಧ್ಯಾಹ್ನ ದೋಣಿ ಹತ್ತುವ ತನಕ ಅದು ಸತ್ಯವಾಗಿಯೇ ಇತ್ತು.

'ಬಾಯ್' ಎಂಬುದು ಕಾಮನ್ ನೌನ್, ಊರಿನ ಹುಡುಗರಿಗೆಲ್ಲ ಸಲ್ಲುತ್ತದೆ. ಹುಡುಗನ ಹೆಸರು ಪ್ರಾಪರ್ ನೌನ್, ಅವನೊಬ್ಬನ ಸೊತ್ತು. ಹೊಸ ಮೇಷ್ಟ್ರಾದ ನನಗೆ ಇದರಲ್ಲಿ ಸಂಶಯವೇ ಇರಲಿಲ್ಲ.

ಆಗೆಲ್ಲ ಸೇತುವೆಯಿಲ್ಲ. ಬೈಂದೂರಿನ ಕಡೆ ಹೋಗುವವರು ಕಡವಿನಲ್ಲಿ ಹೊಳೆ ದಾಟಿ, ಆಚೆ ದಡದಲ್ಲಿ ಬಸ್ಸು ಹಿಡಿಯಬೇಕು. ಯುದ್ಧಕಾಲದ, ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಬಸ್ಸು, ಅದೂ ದಿನದ ಕೊನೆಯದು. ನನ್ನ ಪಕ್ಕದಲ್ಲಿ ಕೂತ ಹೆಂಗಸಿಗೆ ಮರುದಿನ ಬೆಳಿಗ್ಗೆ ಉಪ್ಪುಂದದಲ್ಲಿ ತಂಗಿಯ ಮದುವೆ. ದೋಣಿ ಬಿಡುವ ಹೊತ್ತಿಗೆ ಅವಳ ಐದು ವರ್ಷದ ಮಗ ನಾಪತ್ತೆ.

"ಮಾಣೀ! ಹ್ವಾಯ್ ಮಾಣೀ!" ಎಂದು ಕೂಗಿದಳು. ಮಾಣಿ ಎಂದರೆ ಹುಡುಗ; ದಡದ ಮೇಲಿದ್ದ ಹುಡುಗರೆಲ್ಲ ತಿರುಗಿ ನೋಡಿದರು. ಚಾ ಹೋಟೆಲಿನಿಂದಲೂ ಒಬ್ಬ ಇಣುಕಿದ. ಅವಳ ಮಗ ಮಾತ್ರ ಇಲ್ಲ.

"ನೀರ್ ಇಳೀತಾ ಇತ್ತ್, ಎಷ್ಟೊತ್ತ್ ಕಾಯುದ್?" ಎಂದ ದೋಣಿಯವ.

ವ್ಯಾಕರಣ ಜನರ ಉಪಯೋಗಕ್ಕೆ ಬರುವ ಸಂದರ್ಭ ಜೀವನದಲ್ಲಿ ಅಪರೂಪ. "ಅಮ್ಮಾ, ಹೆಸರು ಹಿಡಿದು ಕರೆಯಿರಿ" ಎಂದೆ.

"ಅಯ್ಯೋ, ಅದ್ ನಮ್ಮ್ ಮಾವಯ್ಯನ ಹೆಸ್ರ್ ಮಾರಾಯ್ರೇ! ನಾ ಹ್ಯಾಂಗ್ ಹೇಳುದ್?"

ಎದುರಿಗಿದ್ದ ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮೇಷ್ಟ್ರಿಗೆ ಇನ್ನೂ ಮದಿ ಆಯ್ಲಿಲ್ಯಾ ಹ್ಯಾಂಗೆ?" ಎಂದಿತು. ಮದುವೆ ಆಗಿರಲಿಲ್ಲ ಎಂಬುದು ನಿಜ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ; ಮಾವನ ಹೆಸರು ಸೊಸೆಯ ಬಾಯಿಗೆ ನಿಷಿದ್ಧ. ಹೀಗಾಗಿ ಹೆತ್ತ ತಾಯಿಯೇ ಮಗನ ಹೆಸರು ಹೇಳುವಂತಿಲ್ಲ. ನಮ್ಮ ಪಠ್ಯಪುಸ್ತಕದಲ್ಲಿ ಇದು ಇರಲಿಲ್ಲ.

ಕೊನೆಗೆ ಅವಳೇ ದಾರಿ ತೋರಿಸಿದಳು. "ಬೆಣ್ಣಿ ಕದ್ದದ್ದ್ ಯಾರ್, ಹೇಳಿ ಕಾಂಬ?"

ಇಡೀ ದೋಣಿಗೆ ಉತ್ತರ ಗೊತ್ತಿತ್ತು. ಎಲ್ಲರೂ ಒಟ್ಟಾಗಿ ದೇವರ ಹೆಸರನ್ನು ಕೂಗಿದ ಭರಕ್ಕೆ ದಡದಿಂದ ಇಬ್ಬರು ಹುಡುಗರು, ಕೊಡೆ ಹಿಡಿದ ಒಬ್ಬರು ಮುದುಕರು ಓಡಿ ಬಂದರು. ಮೂವರೂ ಆ ಹೆಸರಿನವರೇ, ಮೂವರೂ ಅವಳವರಲ್ಲ. ಮುದುಕರಿಗಂತೂ ತುಸು ಬೇಸರವೂ ಆಯಿತು. "ಎಂತಕ್ ಕರದ್ರಿ ಮತ್ತೆ?" ಎಂದು ಹಿಂದಿರುಗಿದರು.

ಗದ್ದಲಕ್ಕೆ ಜನ ಸೇರಿತು. ಆ ಜನರ ಕಾಲುಗಳ ನಡುವೆ ಒಂದು ಸಣ್ಣ ಮುಖ ಕುತೂಹಲದಿಂದ ನಮ್ಮನ್ನೇ ನೋಡುತ್ತಿತ್ತು.

"ಮಾಣೀ! ಬಾ ಇಲ್ಲ್!"

ಅವನು ಬಂದ. ಅಜ್ಜಿ ಗದರಿಸಿತು: "ಊರೆಲ್ಲ ಕೂಗಿರೂ ಕೇಂಬುದಿಲ್ಯಾ ನಿಂಗೆ?"

"ನನ್ನ್ ಯಾರ್ ಕರದ್ರ್? ಯಾರನ್ನೋ ಕರೀತಿದ್ರಲೆ, ಅದನ್ನೇ ಕಾಂತಿದ್ದೆ" ಎಂದ.

ತಪ್ಪು ಅವನದಲ್ಲ. ಶಾಲೆಗೆ ಇನ್ನೂ ಸೇರಿರಲಿಲ್ಲ. ಮನೆಯಲ್ಲಿ ಆ ಹೆಸರಿನಿಂದ ಅವನನ್ನು ಯಾರೂ ಕರೆದಿರಲಿಲ್ಲ. ತಾಯಿ ಅವನ ಬೆನ್ನಿಗೊಂದು ಕೊಟ್ಟು, ಅದೇ ಕೈಯಿಂದ ಹತ್ತಿರ ಎಳೆದು ಕೂರಿಸಿಕೊಂಡಳು. ದೋಣಿ ಹೊರಟಿತು.

ಆಚೆ ದಡದಲ್ಲಿ ಬಸ್ಸಿನವರು ಇನ್ನೂ ಇದ್ದಿಲಿಗೆ ಗಾಳಿ ಹಾಕುತ್ತಿದ್ದರು. ತಾಯಿ, ಮಗ ಇಬ್ಬರಿಗೂ ಸೀಟು ಸಿಕ್ಕಿತು.