ಮೆಟ್ಟಿಲ ಮೇಲೆ ಕೂಡುವುದನ್ನು ಕಲಿಸಿದವನು

ಯಾದಗಿರಿ, ಶಹಾಪುರ, ಸುರಪುರ, ಈ ಮೂರರಲ್ಲಿ ಯಾವ ಊರಿನ ನಗರಸಭೆ ಅಂತ ನಾನು ಹೇಳುವುದಿಲ್ಲ. ಎಲ್ಲರೂ ಇನ್ನೂ ಬದುಕಿದ್ದಾರೆ, ಚಹಾದ ಅಂಗಡಿಯಲ್ಲಿ ದಿನಾ ಮುಖ ನೋಡಬೇಕು.

ಬಸವಂತ್ರಾಯ ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ಹಮಾಲಿ ಮಾಡುತ್ತಿದ್ದವನು. ನೂರು ಕಿಲೋ ಚೀಲ ಹೊತ್ತು ಹೊತ್ತು ನಲವತ್ತಕ್ಕೇ ಸೊಂಟ ಹೋಗಿತ್ತು. ಹಮಾಲರ ಸಂಘ ಕಟ್ಟಿ, ಹದಿನೇಳು ದಿನ ಗಂಜು ಬಂದ್ ಮಾಡಿಸಿ, ಚೀಲವನ್ನು ಐವತ್ತು ಕಿಲೋಗೆ ಇಳಿಸಿದ. ಆಮೇಲೆ ಗುತ್ತಿಗೆ ಪೌರಕಾರ್ಮಿಕರಿಗೂ ಸಂಘ ಕಟ್ಟಿಕೊಟ್ಟ. ಅರ್ಜಿ ಬರೆಯುವುದು ನನ್ನ ಕೆಲಸ, ಕೂಗುವುದು ಅವನದು. ಆ ಬಲದ ಮೇಲೇ ವಾರ್ಡಿನಲ್ಲಿ ಗೆದ್ದ, ಎರಡನೇ ಸಲ ಗೆದ್ದಾಗ ಅಧ್ಯಕ್ಷನೂ ಆದ. ಕಾಗದಪತ್ರ ನೋಡಿಕೊಳ್ಳಲು ನನ್ನನ್ನೂ ಜೊತೆಗಿಟ್ಟುಕೊಂಡ.

ಕುರ್ಚಿ ಅವನಿಗೆ ಒಗ್ಗಲಿಲ್ಲ. ಮೀಟಿಂಗು, ಸನ್ಮಾನ, ಮತ್ತೆ ಮೀಟಿಂಗು. ಇದಕ್ಕಿಂತ ಚೀಲ ಹೊರುವುದೇ ಪಾಡಿತ್ತು ಅನ್ನುತ್ತಿದ್ದ. ಆದರೂ ಬಿಡಲಿಲ್ಲ.

ಹೋದ ವರ್ಷ ಪೌರಕಾರ್ಮಿಕರು ಕೆಲಸ ಕಾಯಂ ಮಾಡಿರೆಂದು ಮುಷ್ಕರಕ್ಕೆ ಕೂತರು. ಅದು ಬೆಂಗಳೂರಿನ ಕೈಯಲ್ಲಿತ್ತು, ಅಧ್ಯಕ್ಷನ ಕೈಯಲ್ಲಲ್ಲ. ಇದು ಅವರಿಗೂ ಗೊತ್ತಿತ್ತು. ಬಸವಂತ್ರಾಯ ತಮ್ಮ ಜೊತೆ ಬಂದು ಕೂಡಲಿ ಅಂತಷ್ಟೇ ಅವರ ಆಸೆ. ಮುಂದಾಳು ಭೀಮಾಬಾಯಿ, ಕಸಬರಿಗೆ ಹಿಡಿದೇ ಮುದುಕಿಯಾದವಳು. ಶಾಮಿಯಾನ ಹಾಕದೆ ಕಚೇರಿಯ ಮೆಟ್ಟಿಲ ತುಂಬ ಕೂತರು. ಅದನ್ನು ಕಲಿಸಿದವನು ಇವನೇ. ಶಾಮಿಯಾನದಲ್ಲಿ ಕೂತವರನ್ನು ಸಾಹೇಬರು ನೋಡದೆ ಹೋಗಬಹುದು, ಮೆಟ್ಟಿಲ ಮೇಲೆ ಕೂತವರನ್ನು ದಾಟಿಯೇ ಹೋಗಬೇಕು, ಮನುಷ್ಯರನ್ನು ದಾಟಲು ಎಂಥವನಿಗೂ ಕಾಲು ಬರುವುದಿಲ್ಲ ಅನ್ನುತ್ತಿದ್ದ.

ಎಂಟು ದಿನ ಅವನು ಹಿಂದಿನ ಬಾಗಿಲಿನಿಂದ ಬಂದ. ನನಗೆ ನಾಚಿಕೆಯಾಗುತ್ತಿತ್ತು, ಆದರೆ ನಾನೂ ಅವನ ಹಿಂದೆಯೇ ಬರುತ್ತಿದ್ದೆ. ಊರೆಲ್ಲ ನಾರುತ್ತಿತ್ತು. ಒಂಬತ್ತನೆಯ ದಿನ ಪೊಲೀಸರನ್ನು ಕರೆಸುವ ಪತ್ರ ಮೇಜಿಗೆ ಬಂತು, ಅವನ ಸಹಿಯೊಂದೇ ಬಾಕಿ. ಅವನು ಮುಟ್ಟಲಿಲ್ಲ.

"ನಾಳಿ ಮುಂದಿನ ಬಾಗಲದಿಂದ ಬರ್ತೀನಿ. ಅವರ ಜೋಡಿ ಕೂಡ್ತೀನಿ. ಅಧ್ಯಕ್ಷಗಿರಿ ಹೋದ್ರ ಹೋಗ್ಲಿ," ಅಂದ.

ಎಷ್ಟೋ ದಿನದ ಮೇಲೆ ಹಳೆಯ ದನಿ ಕೇಳಿ ನನಗೆ ಖುಷಿಯಾಯಿತು.

ಮರುದಿನ ಇಬ್ಬರೂ ಮುಂದಿನಿಂದ ಬಂದೆವು. ಬೈತಾರೆ, ಅಂಗಿ ಹಿಡಿದು ಜಗ್ಗುತ್ತಾರೆ ಅಂದುಕೊಂಡಿದ್ದೆ. ಹದಿನೈದು ವರ್ಷ ಅವನನ್ನು ಅಣ್ಣಾ ಅಂತಲೇ ಕರೆದಿದ್ದ ಭೀಮಾಬಾಯಿ ಸೆರಗು ಸರಿಮಾಡಿಕೊಂಡು ಎದ್ದಳು.

"ಸಾಹೇಬ್ರು ಬಂದಾರ. ದಾರಿ ಬಿಡ್ರಿ."

ಎಲ್ಲರೂ ಸರಿದರು. ನಡುವೆ ಒಬ್ಬ ಮನುಷ್ಯ ಕೂಡುವಷ್ಟು ಜಾಗವಾಯಿತು. ಬಸವಂತ್ರಾಯ ಅಲ್ಲಿ ತುಸು ಹೊತ್ತು ನಿಂತ. ಕೂತುಬಿಡೋ ಅಂತ ನಾನು ಮನಸ್ಸಿನಲ್ಲೇ ಅಂದೆ, ಬಾಯಿ ಬಿಡಲಿಲ್ಲ. ಅವನು ಸೊಂಟಕ್ಕೆ ಕೈ ಕೊಟ್ಟು, ಯಾರ ಮುಖವನ್ನೂ ನೋಡದೆ, ಒಂದೊಂದೇ ಮೆಟ್ಟಿಲು ಹತ್ತಿದ.

ಒಳಗೆ ಕೂತು ನೀರು ಕುಡಿದ.

"ಅವರಽ ದಾರಿ ಬಿಟ್ರಲ್ಲೋ," ಅಂದ.

ಆಮೇಲೆ ಪತ್ರ ಕೇಳಿದ. ನಾನೇ ತೆಗೆದುಕೊಟ್ಟೆ, ಸಹಿಯ ಕೆಳಗೆ ಸೀಲೂ ನಾನೇ ಹೊಡೆದೆ.