ಮೈದಾನಕ್ಕೆ ಬೆನ್ನು ಹಾಕಿ ನಿಂತ ಕೋಚ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಿಲ್ಲೋ ಕ್ರೀಕ್ ಕಾಲೇಜಿನ ಮೈದಾನದ ಮೇಲೆ ಯಾರೋ ರಾತ್ರಿಯಿಡೀ ಕೂತು ಅಕ್ಕಿಹಿಟ್ಟು ಜರಡಿ ಹಿಡಿದಂತೆ ಇಬ್ಬನಿ ಹೆಪ್ಪುಗಟ್ಟಿದೆ. ಅದರ ನಡುವೆ ವೆಂಡೆಲ್ ಹೌಗೆನ್ ಮರಳಿನ ಬಕೆಟ್ ಹಿಡಿದು, ನೆಲ ಕೊರೆಯುವ ಇಲಿಜಾತಿಯ ಗೋಫರ್‌ಗಳು ತೋಡಿಟ್ಟ ಬಿಲಗಳನ್ನು ಬೂಟಿನ ತುದಿಯಿಂದ ಹುಡುಕಿ ಮುಚ್ಚುತ್ತಿದ್ದಾರೆ. ಹೆಸರಿಗೆ ಇವರು ಕಾಲೇಜಿನ ಕ್ರೀಡಾ ನಿರ್ದೇಶಕರು.

"ಬಿಲಕ್ಕೆ ಕಾಲು ಸಿಕ್ಕಿ ಹುಡುಗರು ಬಿದ್ರೆ, ಅವರಮ್ಮಂದಿರು ಗೋಫರ್‌ಗೆ ಫೋನ್ ಮಾಡಲ್ಲ, ನನಗೇ ಮಾಡ್ತಾರೆ" ಎಂದು ನಗುತ್ತಾರೆ.

ವಯಸ್ಸು ಅರವತ್ತೇಳು. ಇಪ್ಪತ್ತೆರಡು ವರ್ಷ ಇದೇ ನಾರ್ತ್ ಡಕೋಟದ ಗಾಳಿಯಲ್ಲಿ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್ ತಂಡದ ಕೋಚ್ ಆಗಿದ್ದವರು, ಈಗ ಎಂಟು ವರ್ಷದಿಂದ ಹನ್ನೆರಡು ತಂಡಗಳ ಯಜಮಾನ. ವಾಲಿಬಾಲ್ ಹುಡುಗಿಯರ ಬಸ್ಸು ಹಿಮದಲ್ಲಿ ಹೂತರೆ ಇವರಿಗೇ ಕರೆ. ಈಜುಕೊಳದ ನೀರು ತಣ್ಣಗಾದರೆ ಇವರಿಗೇ ಬೈಗುಳ. ಜೆರ್ಸಿ ಒಗೆಯುವ ಯಂತ್ರ ಕೆಟ್ಟ ದಿನ ಮುನ್ನೂರು ಮಕ್ಕಳ ಬೆವರಿನ ಬಟ್ಟೆ ಇವರ ಮನೆಗೇ ಬರುತ್ತದೆ. "ಮದುವೆಯಾಗಿದ್ದು ಒಬ್ಬರನ್ನ, ಒಗೆದಿದ್ದು ಊರೆಲ್ಲರದ್ದು" ಎನ್ನುವುದು ಹೆಂಡತಿ ಆರ್ಲೀನ್ ಅವರ ಹಳೆಯ ಚುಚ್ಚುಮಾತು.

ಇಷ್ಟೆಲ್ಲ ಮಾಡುವವರು ಪಂದ್ಯವನ್ನು ಮಾತ್ರ ನೋಡುವುದಿಲ್ಲ. ಕುರ್ಚಿ ಬದಲಾಗಿ ನಿರ್ದೇಶಕರಾದ ಮೊದಲ ಶನಿವಾರ, ಅಭ್ಯಾಸಬಲದಿಂದ ಹುಡುಗರ ಜೊತೆಗೇ ಓಡಿ ಮೈದಾನದಂಚಿಗೆ ಬಂದು, "ಎಡಕ್ಕೆ!" ಎಂದು ಕೂಗಿಬಿಟ್ಟರಂತೆ. ಹೊಸ ಕೋಚ್ ಬಲಕ್ಕೆ ಎಂದಿದ್ದ. ಹನ್ನೊಂದೂ ಜನ ಎಡಕ್ಕೆ ಓಡಿದರು. "ಆ ಹುಡುಗನ ಮುಖ ನೋಡ್ದೆ ನೋಡಿ, ಅವತ್ತೇ ಸಾಕು ಅನ್ನಿಸ್ತು."

ಆ ಹುಡುಗ ಟೈರೆಲ್ ಬ್ರಿಗ್ಸ್, ಇವರ ಕೈಯಲ್ಲೇ ಆಡಿ ಬೆಳೆದವನು. ಅಂದಿನಿಂದ ಪಂದ್ಯದ ಹೊತ್ತಿಗೆ ವೆಂಡೆಲ್ ಪ್ರೇಕ್ಷಕರು ಕೂರುವ ಮರದ ಮೆಟ್ಟಿಲುಗಳ ಹಿಂದೆ, ಮೈದಾನಕ್ಕೆ ಬೆನ್ನು ಹಾಕಿ ಪಾಪ್‌ಕಾರ್ನ್ ಹುರಿಯುತ್ತಾರೆ. ಕಥೆಯ ರಾಕ್ಷಸನ ಪ್ರಾಣ ದೂರದ ಗಿಳಿಯಲ್ಲಿರುವಂತೆ, ಇವರ ಪ್ರಾಣ ಬೆನ್ನ ಹಿಂದಿನ ಆ ಹುಲ್ಲಿನಲ್ಲಿದೆ. ಬೇಲಿಗೆ ಒತ್ತಿ ನಿಲ್ಲಿಸಿದ ಪಿಕಪ್ ಟ್ರಕ್ಕುಗಳಲ್ಲಿ ಕೂತ ರೈತರು ತಮ್ಮ ತಂಡಕ್ಕೆ ಅಂಕ ಬಂದಾಗ ಹಾರ್ನ್ ಬಾರಿಸುತ್ತಾರೆ. ಇವರಿಗೆ ಅದೇ ಸುದ್ದಿ.

ಈ ಸಲ ಹಾರ್ನ್ ಸದ್ದು ಅಪರೂಪ. ಟೈರೆಲ್ ತಂಡ ಸತತ ಆರು ಪಂದ್ಯ ಸೋತಿದೆ. ಅವನನ್ನು ಉಳಿಸುವುದೋ ಕಳಿಸುವುದೋ, ತೀರ್ಮಾನ ವೆಂಡೆಲ್ ಅವರದ್ದು. ಸ್ಕೋರ್‌ಬೋರ್ಡ್ ಕಟ್ಟಿಸಿಕೊಟ್ಟ ಹಳೆಯ ಆಟಗಾರ ಕ್ಲಿಫ್ ಓಸ್ಬಿ ಇವತ್ತಿನ ಪಂದ್ಯಕ್ಕೆ ಮೊದಲೇ ಬಂದು ನಿಲ್ಲುತ್ತಾರೆ. "ಕೋಚ್, ಇವತ್ತೂ ಸೋತ್ರೆ ಅವನನ್ನ ಕಳ್ಸಿ. ನೀವೇ ಮತ್ತೆ ಸೀಟಿ ಹಿಡ್ಕೊಳ್ಳಿ."

ವಿರಾಮದಲ್ಲಿ ಟೈರೆಲ್ಲೇ ಮೆಟ್ಟಿಲ ಹಿಂದಕ್ಕೆ ಓಡಿ ಬರುತ್ತಾನೆ. "ಒಂದೇ ಮಾತು ಹೇಳಿ ಕೋಚ್. ಚೆಂಡು ಹಿಡ್ಕೊಂಡು ಓಡಿಸ್ಲಾ, ಎಸೆಯೋಕೆ ಹೇಳ್ಲಾ?"

ವೆಂಡೆಲ್ ಒಂದು ಹಿಡಿ ಪಾಪ್‌ಕಾರ್ನ್ ಕೈಗಿಡುತ್ತಾರೆ. "ಉಪ್ಪು ಸರಿಯಾಗಿದೆಯಾ ನೋಡು."

"ಕೋಚ್!"

"ಕೋಚ್ ಇಲ್ಲಿಲ್ಲಪ್ಪ. ಅವನು ಈಗ ಮೈದಾನದಲ್ಲಿರ್ಬೇಕಿತ್ತು."

ಕೊನೆಯ ನಿಮಿಷ. ಮೆಟ್ಟಿಲುಗಳು ಗುಡುಗುತ್ತವೆ, ತಟ್ಟನೆ ಸದ್ದಡಗುತ್ತದೆ. ವೆಂಡೆಲ್ ಸೌಟು ಹಿಡಿದು ಕಾಯುತ್ತಾರೆ. ಹಾರ್ನ್ ಇಲ್ಲ. ಒಂದೂ ಇಲ್ಲ.

ಓಸ್ಬಿ ಮತ್ತೆ ಹಾಜರ್. "ಒಂದೇ ಅಂಕದಲ್ಲಿ ಸೋತ್ವಿ! ಇನ್ನೇನು ಯೋಚ್ನೆ ಕೋಚ್?"

"ನಾನು ಕೋಚ್ ಆದ ಮೊದಲೆರಡು ವರ್ಷ ಬರೀ ಸೋತೆ ಕಣೋ ಕ್ಲಿಫ್. ಚೆಂಡು ಕೈಬಿಡ್ತಿದ್ದೋನು ಯಾರು ಅಂತ ಮರ್ತೋಯ್ತಾ? ಆಗ ನನ್ನನ್ನೂ ಯಾರೂ ಕಳಿಸ್ಲಿಲ್ಲ, ನಿನ್ನನ್ನೂ ಕಳಿಸ್ಲಿಲ್ಲ. ಮುಂದಿನ ವರ್ಷಾನೂ ಟೈರೆಲ್ಲೇ."

"ಆ ಸ್ಕೋರ್‌ಬೋರ್ಡ್ ನಂದು, ನೆನಪಿರ್ಲಿ."

"ಅದಕ್ಕೇ ನಮ್ಮ ಸೋಲೂ ಅಷ್ಟು ಚೆನ್ನಾಗಿ ಕಾಣ್ಸೋದು."

ಓಸ್ಬಿ ಗೊಣಗುತ್ತಲೇ ಇನ್ನೊಂದು ಪೊಟ್ಟಣ ಪಾಪ್‌ಕಾರ್ನ್ ಹಿಡಿದು ಹೋಗುತ್ತಾರೆ. ಶಾಲು ಬಿಗಿದುಕೊಳ್ಳುತ್ತಾ ಆರ್ಲೀನ್ ಮೆಟ್ಟಿಲಿಳಿದು ಬರುತ್ತಾರೆ. "ಒಂದು ವಿಷ್ಯ ಗೊತ್ತಾ ವೆಂಡೆಲ್? ಕೊನೇ ನಿಮಿಷದಲ್ಲಿ ಟೈರೆಲ್ ಒಂದ್ಸಲಾನೂ ಈ ಕಡೆ ತಿರುಗಿ ನೋಡ್ಲಿಲ್ಲ. ಹುಡುಗರೂ ಅಷ್ಟೆ, ಅವನನ್ನೇ ನೋಡ್ತಿದ್ರು."

ವೆಂಡೆಲ್ ಸೌಟು ಕೆಳಗಿಡುತ್ತಾರೆ. ಎಂಟು ವರ್ಷದಿಂದ ಬೆನ್ನ ಹಿಂದೆಯೇ ಉಳಿದಿದ್ದ ಮೈದಾನದತ್ತ ಮೆಲ್ಲಗೆ ತಿರುಗುತ್ತಾರೆ.

"ಹಂಗಾದ್ರೆ ಮುಂದಿನ ಶನಿವಾರ ಪಾಪ್‌ಕಾರ್ನ್‌ಗೆ ಬೇರೆ ಯಾರನ್ನಾದ್ರೂ ನೋಡು" ಎನ್ನುತ್ತಾರೆ. "ನಿನ್ನ ಪಕ್ಕ ನಂಗೊಂದು ಜಾಗ ಹಿಡಿದಿಡು."